ಆರೋಗ್ಯ ಪ್ರಚಾರ ಕ್ಷೇತ್ರ: ನಮ್ಮವರಿಗೂ ತೆರೆದಿರುವ ದಾರಿ

ಪಿಂಪ್ರಿಯೆಂದೊಡನೆ ಹಿರಿಯರಿಗೆ ನೆನಪಾಗುವುದು ಪೆನಿಸಿಲಿನ್. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಆಂಟಿಬಯೋಟಿಕ್ಸ್ ಕಾರಖಾನೆಯು ಈ ಊರಿನ ಹೆಸರನ್ನು ದೇಶದ ದವಾಖಾನೆಗಳಿಗೆಲ್ಲ ಒಯ್ದಿತು. ಆದರೆ ಔಷಧ ತಯಾರಾದ ಮಾತ್ರಕ್ಕೆ ರೋಗ ತೊಲಗುವುದಿಲ್ಲ. ಐದು ದಿನದ ಗುಳಿಗೆಯನ್ನು ಎರಡೇ ದಿನಕ್ಕೆ ನಿಲ್ಲಿಸುವವನಿಗೆ ತಿಳಿಯಹೇಳುವವರು ಬೇಕು. ನೀರಿನ ಪೀಪಾಯಿಯನ್ನು ಮುಚ್ಚದಿದ್ದರೆ ಡೆಂಗ್ಯೂ ಬರುವುದೆಂದು ಮನೆಮನೆಗೆ ಹೋಗಿ ತೋರಿಸುವವರು ಬೇಕು. ಈ ಕಾರ್ಯಕ್ಕೆ ಆರೋಗ್ಯ ಪ್ರಚಾರವೆಂದು ಹೆಸರು. ನಮ್ಮ ದೇಶದಲ್ಲಿ 1956ರಲ್ಲಿಯೇ ಇದಕ್ಕಾಗಿ ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೋ ದಿಲ್ಲಿಯಲ್ಲಿ ಆರಂಭವಾಯಿತು.

ವೈದ್ಯನಾಗದವನಿಗೆ ಇಲ್ಲೇನು ಕೆಲಸವೆಂದು ನಮ್ಮ ಬಂಧುಗಳು ಕೇಳಬಹುದು. ಕೆಲಸವುಂಟು. ವಿಜಯಪುರ, ಕಲಬುರಗಿ ಕಡೆಗಳಿಂದ ಕಟ್ಟಡದ ಕೂಲಿಗೆ ಬಂದ ಎಷ್ಟೋ ಕುಟುಂಬಗಳು ಪಿಂಪ್ರಿ-ಚಿಂಚವಾಡದಲ್ಲಿವೆ. ಮಗುವಿಗೆ ಮುಂದಿನ ಲಸಿಕೆ ಯಾವಾಗ ಎಂಬುದನ್ನು ಮರಾಠಿಯಲ್ಲಿ ಹೇಳಿದರೆ ಆ ತಾಯಿ ತಲೆಯಾಡಿಸಿಯಾಳು, ಅರ್ಥವಾಯಿತೆಂದು ನಂಬುವಂತಿಲ್ಲ. ಅಲ್ಲಿ ಎರಡೂ ಭಾಷೆ ಬಲ್ಲ ವ್ಯಕ್ತಿಯ ಮಾತಿಗೆ ಬೆಲೆಯಿದೆ. ಅಪರಿಚಿತರೊಡನೆ ನಾಲ್ಕು ಭಾಷೆಗಳಲ್ಲಿ ನಯವಾಗಿ ಮಾತನಾಡುವ ವಿದ್ಯೆಯನ್ನಂತೂ ನಮ್ಮ ಮಾಣಿಗಳು ಯಾವ ಕಾಲೇಜಿನಲ್ಲಿಯೂ ಕಲಿತುದಲ್ಲ!

ಮನೆಯ ಹೆಣ್ಣುಮಕ್ಕಳಿಗೆ ಹತ್ತಿರದ ದಾರಿ ಆಶಾ ಕಾರ್ಯಕರ್ತೆಯದು. 2005ರಲ್ಲಿ ಹಳ್ಳಿಗಳಿಗಾಗಿ ಮೊದಲಾದ ಈ ಯೋಜನೆಯು 2013ರ ನಗರ ಆರೋಗ್ಯ ಅಭಿಯಾನದೊಡನೆ ಪಟ್ಟಣದ ಬಡ ವಸತಿಗಳಿಗೂ ಬಂದಿತು. ಅದೇ ವಸತಿಯಲ್ಲಿ ವಾಸಿಸುವ ಸ್ತ್ರೀಗೆ ಆದ್ಯತೆ. ದೊರೆಯುವುದು ಖಾಯಂ ಸಂಬಳವಲ್ಲ, ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಎರಡು ವರ್ಷಗಳ ಎ.ಎನ್.ಎಂ. ಶಿಕ್ಷಣವಿದೆ.

ಗಂಡಸರಿಗೆ ಸ್ಯಾನಿಟರಿ ಇನ್‌ಸ್ಪೆಕ್ಟರ್ ಡಿಪ್ಲೊಮಾ ಉಚಿತವೆಂದು ನನ್ನ ಅಭಿಪ್ರಾಯ. ಅದು ಒಂದು ವರ್ಷದ್ದು. 1926ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅಖಿಲ ಭಾರತ ಸ್ಥಾನಿಕ ಸ್ವರಾಜ್ಯ ಸಂಸ್ಥೆಯು ಇದನ್ನು ಬಹುಕಾಲದಿಂದ ಕಲಿಸುತ್ತ ಬಂದಿದೆ. ನಗರಪಾಲಿಕೆಗಳಲ್ಲಿ ಈ ಹುದ್ದೆಗಳಿವೆ. ಆದರೆ ಇಲ್ಲಿಯ ಪಾಲಿಕೆಯ ನೌಕರಿಗೆ ಮರಾಠಿಯ ಓದುಬರಹ ಬೇಕು. ಅಧಿವಾಸ ಪ್ರಮಾಣಪತ್ರವನ್ನೂ ಕೇಳುವುದುಂಟು. ಗಿರಾಕಿಯೊಡನೆ ಮಾತನಾಡುವಷ್ಟು ಮರಾಠಿ ಪರೀಕ್ಷೆಗೆ ಸಾಲದು.

ಎಸ್ಸೆಸ್ಸೆಲ್ಸಿಯಲ್ಲಿಯೇ ಓದು ನಿಂತವರು ನಿರಾಶರಾಗಬೇಕಿಲ್ಲ. ಮಹಾರಾಷ್ಟ್ರದಲ್ಲಿ ಹದಿನೇಳನೆಯ ನಮೂನೆಯ ಅರ್ಜಿ ತುಂಬಿ ಖಾಸಗಿಯಾಗಿ ಹನ್ನೆರಡನೆಯ ಪರೀಕ್ಷೆಗೆ ಕೂಡಬಹುದು. ರಾಷ್ಟ್ರೀಯ ಮುಕ್ತ ಶಾಲೆಯೂ ಇದೆ. ಪದವೀಧರರಾದ ಕಾರಕೂನರಿಗೆ ಕಲಕತ್ತೆಯಲ್ಲಿ 1932ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಾರ್ವಜನಿಕ ಆರೋಗ್ಯ ಸಂಸ್ಥೆ, ತಮಿಳುನಾಡಿನ ಗಾಂಧಿಗ್ರಾಮ ಇವುಗಳ ಆರೋಗ್ಯ ಪ್ರಚಾರ ಡಿಪ್ಲೊಮಾ ಪ್ರಸಿದ್ಧವಾದುದು. ಕರ್ನಾಟಕದಲ್ಲಿ ತಾಲೂಕು, ಜಿಲ್ಲಾ ಮಟ್ಟದ ಆರೋಗ್ಯ ಶಿಕ್ಷಣಾಧಿಕಾರಿಗಳ ಹುದ್ದೆಗಳಿರುವುದರಿಂದ ಊರಿಗೆ ಮರಳುವ ಆಸೆಯುಳ್ಳವರು ಇದನ್ನು ವಿಚಾರಿಸಬಹುದು. ಮಣಿಪಾಲದಲ್ಲಿ ಸಾರ್ವಜನಿಕ ಆರೋಗ್ಯದ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವುಂಟು. ಶುಲ್ಕವನ್ನು ಕೇಳಿಕೊಂಡೇ ಹೆಜ್ಜೆಯಿಡಬೇಕು.

ಮನೆಯಲ್ಲಿಯೇ ಕುಳಿತು ಆರು ತಿಂಗಳಲ್ಲಿ ಆರೋಗ್ಯಾಧಿಕಾರಿಯಾಗಿರೆಂಬ ಜಾಹೀರಾತುಗಳ ವಿಷಯದಲ್ಲಿ ಎಚ್ಚರವಿರಲಿ. ಆಹಾರ, ಪೋಷಣೆ, ಮನಶ್ಶಾಸ್ತ್ರವೇ ಮೊದಲಾದ ಆರೋಗ್ಯಸಂಬಂಧಿ ಶಿಕ್ಷಣವನ್ನು ದೂರಶಿಕ್ಷಣದ ಮೂಲಕ ನೀಡಬಾರದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2025ರಲ್ಲಿ ಆದೇಶಿಸಿದೆ. ವರುಷಗಟ್ಟಲೆ ಕೂಡಿಟ್ಟ ಟಿಪ್ಸಿನ ಹಣವನ್ನು ಕಟ್ಟುವ ಮುನ್ನ, ಈ ಸರ್ಟಿಫಿಕೇಟನ್ನು ನೌಕರಿಗೆ ಒಪ್ಪುವಿರಾ ಎಂದು ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಕೇಳಿಬಿಡಬೇಕು.

ನಾಳೆಯೇ ಆರಂಭಿಸಬೇಕೆನ್ನುವವರಿಗೆ ಹೋಟೆಲಿನ ಅಡುಗೆಮನೆಯೇ ಪಾಠಶಾಲೆ. ಆಹಾರ ಮುಟ್ಟುವ 25 ಜನ ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕನಿರಬೇಕೆಂಬುದು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಅಪೇಕ್ಷೆ. ತರಬೇತಿ ಒಂದೇ ದಿನದ್ದು. ಸಾಮಾನ್ಯವಾಗಿ ಗಲ್ಲಾದ ಮೇಲೆ ಕುಳಿತವರೇ ಇದಕ್ಕೆ ಹೋಗುತ್ತಾರೆ. ಭಟ್ಟರಾಗಲಿ ಮಾಣಿಯಾಗಲಿ ತಮ್ಮನ್ನು ಕಳುಹಿಸಿರೆಂದು ಯಜಮಾನರನ್ನು ಕೇಳಬಹುದು. ಪ್ರಮಾಣಪತ್ರವು ಹೋಟೆಲಿನ ಹೆಸರಿನಲ್ಲಿರುವುದಿಲ್ಲ, ಕಲಿತವನ ಹೆಸರಿನಲ್ಲಿರುತ್ತದೆ.