ಒರಲಿ ಮಣ್ಣು ಮೆತ್ತಿಕೊಂಡೇ ಯಾಕೆ ಬರುತ್ತೆ?

ಮಾವಿನ ಗಿಡದ ಬೊಡ್ಡೆಗೆ ಅಂಗೈ ಅಗಲ ಮಣ್ಣು ಮೆತ್ತಿದ್ದು ಕಂಡರೆ ಸಾಕು, ನಮ್ಮಲ್ಲಿ ಹಲವರು ಔಷಧದ ಡಬ್ಬಿ ಹುಡುಕುತ್ತಾರೆ. ಸ್ವಲ್ಪ ತಡೀರಿ. ಒಂದು ಕಡ್ಡಿಯಿಂದ ಆ ಮಣ್ಣು ಕೆರೆದು ನೋಡಿ. ತೊಗಟೆಯ ಹೊರಗಿನ ಸತ್ತ ಪದರ ಮಾತ್ರ ತಿಂದು, ಒಳಗಿನ ಹಸಿ ತೊಗಟೆ ಹಾಗೇ ಬಿಟ್ಟಿದ್ದರೆ ಗಿಡಕ್ಕೆ ಸದ್ಯ ಅಪಾಯವಿಲ್ಲ. ಒರಲಿಗೆ, ಅಂದರೆ ಗೆದ್ದಲಿಗೆ, ಬೇಕಾದ್ದು ಒಣಗಿದ್ದು, ಸತ್ತಿದ್ದು. ಹಸಿ ಬೆಳೆ ಅದರ ಮೊದಲ ಆಯ್ಕೆಯಲ್ಲ.

ಧಾರವಾಡ, ಕಲಘಟಗಿ ಕಡೆಯ ಮಸಾರಿ ಹೊಲಗಳ ಬದುವಿನಲ್ಲಿ ಹುತ್ತ ಕಟ್ಟುವುದು ಹೆಚ್ಚಾಗಿ ಒಡಾಂಟೊಟರ್ಮಿಸ್ ಎಂಬ ಗುಂಪಿನ ಒರಲಿ. ಇದರ ಮೈ ಮೆತ್ತಗೆ, ಚರ್ಮ ತೆಳು. ಬಿಸಿಲು ಗಾಳಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತೆ. ಮೇಲೆ ಇರುವೆಯ ಕಾಟ ಬೇರೆ. ಹಾಗಾಗಿ ಎಲ್ಲಿಗೆ ಹೋದರೂ ಮಣ್ಣಿನ ಕಣಕ್ಕೆ ಜೊಲ್ಲು ಕಲಸಿ ಛಾವಣಿ ಹಾಕಿಕೊಂಡೇ ಹೋಗಬೇಕು. ಕೆಲಸಗಾರ ಹುಳಕ್ಕೆ ಕಣ್ಣೂ ಇಲ್ಲ. ಹೊಟ್ಟೆಯ ಅಡಿಯಲ್ಲಿರುವ ಗ್ರಂಥಿಯಿಂದ ನೆಲಕ್ಕೆ ವಾಸನೆಯ ಗೆರೆ ಎಳೆಯುತ್ತಾ ನಡೆಯುತ್ತೆ. ಮೇವು ಸಿಕ್ಕ ದಾರಿಯಲ್ಲಿ ಓಡಾಟ ಜಾಸ್ತಿಯಾಗಿ ಗೆರೆ ಗಟ್ಟಿಯಾಗುತ್ತೆ, ಸಿಗದ ದಾರಿ ತಾನಾಗೇ ಮಾಸುತ್ತೆ. ಈ ಸುರಂಗಗಳು ಹುತ್ತದಿಂದ ಹತ್ತಾರು ಮೀಟರ್ ದೂರ ಹೋಗುತ್ತವೆ. ಹುತ್ತ ಪಕ್ಕದವರ ಬದುವಿನಲ್ಲಿದ್ದರೂ ಮೇವು ನಿಮ್ಮ ಹೊಲದ್ದೇ ಇರಬಹುದು!

ತಂದ ಮೇವನ್ನು ಇದು ನೇರ ಅರಗಿಸಿಕೊಳ್ಳಲಾರದು. ಹುತ್ತದೊಳಗೆ ಸ್ಪಂಜಿನಂಥ ಗೂಡು ಮಾಡಿ ಅದರ ಮೇಲೆ ಅಣಬೆ ಬೆಳೆಸುತ್ತೆ. ಜಗಿದು ನುಂಗಿದ ಕಸವೇ ಹಿಕ್ಕೆಯಾಗಿ ಅಣಬೆಗೆ ಗೊಬ್ಬರ. ಅಣಬೆ ಆ ಕಸವನ್ನು ಮೆತ್ತಗೆ ಮಾಡಿದ ಮೇಲೆ ಒರಲಿಗೆ ಊಟ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ ದೊಡ್ಡ ಅಣಬೆ ಇದರದೇ ಕುಲ. ಇಲ್ಲೂ ಕಳೆ ಇದೆ ನೋಡಿ. ಆ ಗೂಡಿನಲ್ಲಿ ಬೇರೊಂದು ಬೂಷ್ಟು ಎದ್ದರೆ ಒರಲಿ ವಾಸನೆಯಿಂದಲೇ ಗುರುತಿಸಿ ಅದನ್ನು ಮಣ್ಣಲ್ಲಿ ಹೂತುಹಾಕುತ್ತೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2017ರಲ್ಲಿ ತೋರಿಸಿದ್ದಾರೆ. ಕಳೆ ತೆಗೆಯೋದು ನಮಗಷ್ಟೇ ಗೊತ್ತು ಅಂದುಕೊಂಡಿದ್ದೆವು.

ಇನ್ನು ಕಾವಲಿನ ವಿಷಯ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹಸಿ ಮಣ್ಣಿನ ಸುರಂಗವೊಂದನ್ನು ಎರಡು ಬೆರಳು ಅಗಲ ಒಡೆದು ಕೂತು ನೋಡಿ. ಕೆಲಸಗಾರರು ಒಳಗೆ ಓಡುತ್ತಾರೆ. ದೊಡ್ಡ ತಲೆ, ಕತ್ತರಿಯಂಥ ದವಡೆಯ ಸಿಪಾಯಿಗಳು ಬಂದು ಬಾಯಿ ಹೊರಗೆ ಮಾಡಿ ನಿಲ್ಲುತ್ತವೆ. ತಲೆಯನ್ನು ನೆಲಕ್ಕೆ ಪಟಪಟ ಬಡಿಯುವುದೂ ಉಂಟು. ಒರಲಿಗೆ ಕಿವಿಯಿಲ್ಲ, ಮಣ್ಣಿನ ನಡುಕ ಕಾಲಿಗೆ ತಿಳಿಯುತ್ತೆ. ಕೇಳಿದ ಸಿಪಾಯಿ ತಾನೂ ಬಡಿದು ಮುಂದಿನವನಿಗೆ ಸುದ್ದಿ ದಾಟಿಸುತ್ತೆ. ಸ್ವಲ್ಪ ಹೊತ್ತಿಗೆ ಕೆಲಸಗಾರರು ಹಸಿ ಮಣ್ಣು ಹೊತ್ತು ಬಂದು ಬಿರುಕು ಮುಚ್ಚುತ್ತಾರೆ. ಸಿಪಾಯಿಗೆ ಆ ದವಡೆಯಿಂದ ಸ್ವಂತ ಊಟ ಮಾಡಲೂ ಆಗದು, ಕೆಲಸಗಾರರೇ ಉಣ್ಣಿಸಬೇಕು.

ಇಷ್ಟೆಲ್ಲ ಏರ್ಪಾಡು ಮುಖ್ಯವಾಗಿ ಇರುವೆಗಾಗಿ. ಸಾಲುಗಟ್ಟಿ ನುಗ್ಗುವ ಕೆಲವು ಕರಿ ಇರುವೆಗಳಿಗೆ ಒರಲಿಯೇ ಮುಖ್ಯ ಆಹಾರ. ಗಿಡದ ಮೇಲಿನ ಮಣ್ಣನ್ನು ಪೊರಕೆಯಿಂದ ಆಗಾಗ ಉದುರಿಸುವುದು ಹಳೇ ಉಪಾಯ. ಛಾವಣಿ ಹೋದರೆ ಬಿಸಿಲೂ ಇರುವೆಯೂ ಒಳಗೆ ಬಂದಂತೆ. ಹೊಲದ ತುಂಬ ವಿಷ ಸುರಿದರೆ ಮೊದಲು ಸಾಯುವುದು ಮೇಲೆ ಓಡಾಡುವ ಇರುವೆ, ಒಳಗಿರುವ ರಾಣಿಯಲ್ಲ. ರಾಣಿ ಹುತ್ತದ ತಳದಲ್ಲಿ ಗಟ್ಟಿ ಮಣ್ಣಿನ ಕೋಣೆಯಲ್ಲಿದ್ದು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ. ಹುತ್ತದ ತಲೆ ಒಡೆದರೆ ಮತ್ತೆ ಕಟ್ಟುತ್ತೆ, ಅಷ್ಟೇ. ಹಿಂದೆ ಬೇಕಾಬಿಟ್ಟಿ ಎರಚುತ್ತಿದ್ದ ಬಿಎಚ್‌ಸಿ ಪುಡಿ 1997ರಲ್ಲಿ ನಿಷೇಧವಾಯಿತು.

ಹಾಗಾದರೆ ಬೆಳೆಗೆ ಯಾವಾಗ ಬೀಳುತ್ತೆ? ಮಳೆ ಕೈಕೊಟ್ಟು ಬೆಳೆ ಬಾಡಿದಾಗ. ನಾಟಿ ಮಾಡಿದ ಕಬ್ಬಿನ ತುಂಡು ಮೊಳಕೆಯೊಡೆಯದೆ ಒಣ ಮಣ್ಣಲ್ಲಿ ಬಿದ್ದಿರುವಾಗ. ಶೇಂಗಾ ಬಲಿತ ಮೇಲೂ ಕೀಳದೆ ಬಿಟ್ಟಾಗ. ಶೇಂಗಾದ ವಿಷಯ ಹಗುರ ಮಾಡಬೇಡಿ. ಒರಲಿ ಕಾಯಿಯ ಸಿಪ್ಪೆ ಕೆರೆದರೆ ಬೂಷ್ಟಿಗೆ ದಾರಿ ಸಿಗುತ್ತೆ. ಅದರಲ್ಲೊಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತೆ. ಮನೆಯಲ್ಲಿ ತಿಂದರೂ ಕೆಟ್ಟದ್ದು, ದನಕ್ಕೆ ಹಿಂಡಿಯಾಗಿ ಹಾಕಿದರೂ ಕೆಟ್ಟದ್ದು. ಕೆರೆದ ಕಾಯಿ ಬೇರೆ ತೆಗೆಯಿರಿ. ಬಲಿತ ಕೂಡಲೇ ಕೀಳಿರಿ.

ಅರ್ಧ ಕೊಳೆತ ಗೊಬ್ಬರ ಹಾಕಬ್ಯಾಡ್ರಿ, ಒರಲಿ ಹತ್ತತೈತಿ ಅಂತ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಬೀಜದ ಸಾಲಿಗೇ ಒಣ ಕಡ್ಡಿ ಕಸ ಬಿದ್ದರೆ ಅದನ್ನು ಹುಡುಕಿ ಬಂದ ಹುಳಕ್ಕೆ ಪಕ್ಕದ ಬೇರೂ ಸಿಗುತ್ತೆ. ತಿಪ್ಪೆಯ ಗೊಬ್ಬರ ಪೂರ್ತಿ ಕಳಿತ ಮೇಲೇ ಹೊಲಕ್ಕೆ ಹೋಗಲಿ. ಹಾಗಂತ ಬದುವಿನ ಒಣಹುಲ್ಲು, ಎಲೆಗಳನ್ನೆಲ್ಲ ಗುಡಿಸಿ ಸುಟ್ಟರೂ ತಪ್ಪು. ಸತ್ತದ್ದೇನೂ ಸಿಗದಿದ್ದರೆ ಅದಕ್ಕೆ ಉಳಿಯುವುದು ನಿಮ್ಮ ಬೆಳೆ ಒಂದೇ. ಮಳೆ ತಪ್ಪಿದಾಗ ಒಂದು ನೀರು ಕೊಡಲು ಅನುಕೂಲವಿದ್ದರೆ ಅದು ಯಾವ ಔಷಧಕ್ಕೂ ಕಡಿಮೆಯಿಲ್ಲ.

ಕಣಿಕೆ ಬಣವೆ ಒಟ್ಟುವವರು ಅಡಿಗೆ ಕಲ್ಲು ಜೋಡಿಸಿ ನೆಲದಿಂದ ಒಂದು ಗೇಣು ಎತ್ತರಿಸಿ. ಆಗ ಒರಲಿ ಹತ್ತಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಎಳೆಯಲೇಬೇಕು, ಅದು ಕಣ್ಣಿಗೆ ಬೀಳುತ್ತೆ. ವಾರಕ್ಕೊಮ್ಮೆ ಸುತ್ತು ಹಾಕಿ, ಕಂಡ ಗೆರೆಯನ್ನು ಕಾಲಲ್ಲಿ ಒರೆಸಿ.