ಹಳೆಯ ಕಸೂತಿಗೆ ಗಾಜಿನ ಫ್ರೇಮ್ ಹಾಕಿಸಿದರೆ ಅದು ಸುರಕ್ಷಿತವೇ?

ಅಜ್ಜಿ ಉಡುತ್ತಿದ್ದ ಇಳಕಲ್ ಸೀರೆಯ ಕಸೂತಿ ಸೆರಗು, ಇಲ್ಲವೇ ತಾಂಡಾದ ಹಿರಿಯರು ಕನ್ನಡಿ, ಕವಡೆ ಕೂರಿಸಿ ಹೊಲಿದ ಲಂಬಾಣಿ ರವಿಕೆ. ಇಂಥದ್ದೊಂದು ಮನೆಯಲ್ಲಿದ್ದರೆ ಟ್ರಂಕಿನಲ್ಲಿಡುವ ಬದಲು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕೋಣ ಅನ್ನಿಸುವುದು ಸಹಜ. ಗಾಜು ಹಾಕಿದ ಮೇಲೆ ಭಯವಿಲ್ಲ ಎಂಬುದು ಹಲವರ ನಂಬಿಕೆ. ಇದು ಅರ್ಧ ಸತ್ಯ ಮಾತ್ರ. ಗಾಜು ಧೂಳನ್ನು ತಡೆಯುತ್ತದೆ. ಆದರೆ ಹಳೆಯ ಬಟ್ಟೆಯನ್ನು ಹೆಚ್ಚು ಹಾಳುಮಾಡುವುದು ಬೆಳಕು, ಅಂಟು ಮತ್ತು ತೇವ.

ಗಾಜು ಬಿಸಿಲನ್ನು ತಡೆಯುವುದಿಲ್ಲವೇ?

ಪೂರ್ತಿಯಾಗಿ ಇಲ್ಲ. ಬೆಳಕಿನ ಶಕ್ತಿ ಬಣ್ಣದ ಅಣುಗಳನ್ನು ಒಡೆಯುತ್ತದೆ, ಹತ್ತಿ ಮತ್ತು ರೇಷ್ಮೆಯ ಎಳೆಗಳನ್ನೂ ದುರ್ಬಲಗೊಳಿಸುತ್ತದೆ. ಮಾಮೂಲಿ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಬಹುತೇಕ ಒಳಗೆ ಬಿಡುತ್ತದೆ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗಳ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿನಲ್ಲಿಡುವುದು ಇದೇ ಕಾರಣಕ್ಕೆ. ಮಧ್ಯಾಹ್ನದ ನೇರ ಬಿಸಿಲು 1 ಲಕ್ಷ ಲಕ್ಸ್‌ವರೆಗೂ ಹೋಗಬಹುದು!

ಒಮ್ಮೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂಥ ಬಯಲುಸೀಮೆಯ ಊರುಗಳಲ್ಲಿ ಬಿಸಿಲು ಚುರುಕು. ಹಾಗಾಗಿ ಕಿಟಕಿ, ಬಾಗಿಲಿನ ಎದುರಿನ ಗೋಡೆ ಬೇಡ. ಒಳಕೋಣೆಯ ನೆರಳಿನ ಗೋಡೆ ಒಳ್ಳೆಯದು. ಕೆಲವು ತಿಂಗಳು ತೂಗುಹಾಕಿ, ಕೆಲವು ತಿಂಗಳು ಒಳಗಿಟ್ಟರೆ ಇನ್ನೂ ಉತ್ತಮ.

ಅಂಟು ಹಾಕಿ ಕೂರಿಸಿದರೆ ಗಟ್ಟಿಯಲ್ಲವೇ?

ಗಟ್ಟಿ ನಿಜ, ಅದೇ ತೊಂದರೆ. ಅಂಟು, ಡಬಲ್ ಟೇಪ್ ವರ್ಷಗಳು ಕಳೆದಂತೆ ಹಳದಿಯಾಗಿ ಬಟ್ಟೆಗೆ ಇಳಿಯುತ್ತವೆ. ಆಮೇಲೆ ಕಿತ್ತರೆ ಎಳೆಯೂ ಕಿತ್ತುಬರುತ್ತದೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಬದಿ ಒಂದೇ ರೀತಿ ಕಾಣುವಂತೆ ಹಾಕುವಂಥವು. ಅಂಟು ಹಚ್ಚಿದರೆ ಆ ಕೈಚಳಕದ ಅರ್ಧ ಭಾಗ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಇದರ ಬದಲು, ತೊಳೆದು ಗಂಜಿ ತೆಗೆದ ಹತ್ತಿ ಬಟ್ಟೆಯನ್ನು ಆಮ್ಲರಹಿತ ರಟ್ಟಿಗೆ ಸುತ್ತಿ, ಅದರ ಮೇಲೆ ಕಸೂತಿಯನ್ನು ತೆಳು ದಾರದಿಂದ ಅಂಚಿನಲ್ಲಿ ಸಡಿಲವಾಗಿ ಹೊಲಿಯಬೇಕು. ಕನ್ನಡಿ ಇರುವ ಲಂಬಾಣಿ ಕೆಲಸ ಭಾರವಾದ್ದರಿಂದ ನಡುವೆಯೂ ಅಲ್ಲಲ್ಲಿ ಹೊಲಿಗೆ ಬೇಕು. ಮಾಮೂಲಿ ರಟ್ಟು, ಪ್ಲೈವುಡ್ ನೇರವಾಗಿ ತಾಗಬಾರದು; ಅವುಗಳಿಂದ ಹೊರಬರುವ ಆಮ್ಲ ಬಟ್ಟೆಗೆ ಕಂದು ಕಲೆ ತರುತ್ತದೆ. ಫ್ರೇಮಿಗೆ ಹೊಂದಲಿ ಎಂದು ಸೀರೆಯನ್ನು ಕತ್ತರಿಸಬೇಡಿ; ಮಡಿಸಿ ಹಿಂದಕ್ಕೆ ಸರಿಸಿದರೆ ಸಾಕು.

ಬಟ್ಟೆ ಗಾಜಿಗೆ ಅಂಟಿಕೊಂಡಿದ್ದರೆ ಏನಾಗುತ್ತದೆ?

ತಂಪು ಹೊತ್ತಿನಲ್ಲಿ ಗಾಜಿನ ಒಳಬದಿಯಲ್ಲಿ ಹನಿ ಕಟ್ಟಬಹುದು. ಅದು ಬಟ್ಟೆಗೆ ಇಳಿದರೆ ಬೂಷ್ಟು ಹಿಡಿಯುತ್ತದೆ. ಗಾಜಿಗೂ ಬಟ್ಟೆಗೂ ನಡುವೆ ಅಂತರ ಇರಲಿ. ಕನ್ನಡಿ, ಕವಡೆ ಇದ್ದರೆ ಆಳವಾದ ಪೆಟ್ಟಿಗೆಯಂಥ ಫ್ರೇಮ್ ಹಾಕಿಸಿ. ಅಡುಗೆಮನೆಯ ಗೋಡೆ ಮತ್ತು ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆ ಬೇಡ.

ಮೊದಲು ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡಬೇಕೇ?

ಗಂಜಿ ಖಂಡಿತ ಬೇಡ. ಅದು ಹುಳಗಳಿಗೆ ಆಹಾರ. ಒಗೆಯುವ ಮೊದಲು ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಪ್ರತಿಯೊಂದು ಬಣ್ಣದ ದಾರದ ಮೇಲೂ ಮೆಲ್ಲಗೆ ಒತ್ತಿ ನೋಡಿ. ಹತ್ತಿಗೆ ಬಣ್ಣ ಅಂಟಿದರೆ ನೀರು ಸೋಕಿಸಬೇಡಿ. ಮೃದುವಾದ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಅಂಟದಿದ್ದರೂ ಎಳೆ ಜೀರ್ಣವಾಗಿದ್ದರೆ ಒಗೆಯುವ ಗೋಜು ಬೇಡ.

ಫ್ರೇಮ್ ಅಂಗಡಿಯಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದೇ: "ಮುಂದೆ ಬೇಕೆಂದಾಗ ಇದನ್ನು ಬಿಚ್ಚಿ, ಈಗಿರುವ ಹಾಗೆಯೇ ಹೊರತೆಗೆಯಲು ಆಗುತ್ತದೆಯೇ?" ಉತ್ತರ ಇಲ್ಲ ಎಂದಾದರೆ ಬೇರೆ ಅಂಗಡಿ ನೋಡಿ. ಫ್ರೇಮಿನ ಹಿಂಬದಿಗೆ ಒಂದು ಚೀಟಿ ಇಟ್ಟು, ಹೊಲಿದವರ ಹೆಸರು, ಊರು, ಗೊತ್ತಿದ್ದರೆ ಇಸವಿಯನ್ನೂ ಬರೆದಿಡಿ. ಮೊಮ್ಮಕ್ಕಳ ಕಾಲಕ್ಕೆ ಅದನ್ನು ಹೇಳುವವರು ಇರಲಿಕ್ಕಿಲ್ಲ.