ಆಟದ ಮಾಡ್‌ಗೆ ಕನ್ನಡ ಕಲಿಸುವುದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ನಾನು ಲುವಾಂಟಿ ಆಟಕ್ಕೆ ಒಂದು ಸಣ್ಣ ಮಾಡ್ ಬರೆದೆ. ಹೆಸರು ‘ಸಂತೆ’. ಬೆಳೆದ ತರಕಾರಿ ಮಾರಿ ನಾಣ್ಯ ಗಳಿಸಬೇಕು, ನಾಣ್ಯ ಕೊಟ್ಟು ಕತ್ತಿ, ಗುದ್ದಲಿ ಕೊಳ್ಳಬೇಕು. ಐದನೇ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನನ್ನ ತಂಗಿಯೇ ಅದರ ಮೊದಲ ಆಟಗಾರ್ತಿ. ಹತ್ತು ನಿಮಿಷದಲ್ಲಿ ಹದಿನೈದು ಸಲ ಕೇಳಿದಳು: “ಭಯ್ಯಾ, ಇಲ್ಲಿ ಏನು ಬರೆದಿದೆ?” ಆಟ ಅವಳಿಗೆ ಗೊತ್ತಿತ್ತು, ಲೆಕ್ಕವೂ ಬರುತ್ತಿತ್ತು. ಬಾರದಿದ್ದದ್ದು ನಾನು ಬರೆದ ಇಂಗ್ಲಿಷ್ ಮಾತ್ರ. ಆ ದಿನದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಗೊತ್ತಿಲ್ಲದವರಿಗೆ ಎರಡು ಮಾತು. ಮಾಡ್ ಎಂದರೆ ಇರುವ ಆಟಕ್ಕೆ ಆಟಗಾರರೇ ಬರೆದು ಸೇರಿಸುವ ಹೆಚ್ಚುವರಿ ಭಾಗ. ಲುವಾಂಟಿ ಉಚಿತವಾದ, ಮುಕ್ತ ತಂತ್ರಾಂಶದ ಆಟ. ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಅದನ್ನು ಆರಂಭಿಸಿದರು. 2024ರವರೆಗೆ ಅದರ ಹೆಸರು ಮಿನೆಟೆಸ್ಟ್. ನೋಡಲು ಮೈನ್‌ಕ್ರಾಫ್ಟ್‌ನಂತೆಯೇ ಇರುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಮಾಡ್‌ಗಳನ್ನು ಲುವಾ ಎಂಬ ಸುಲಭ ಭಾಷೆಯಲ್ಲಿ ಬರೆಯಬಹುದು.

ನನ್ನ ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು. ತೆರೆಯ ಮೇಲೆ ಕಾಣಬೇಕಾದ ಮಾತುಗಳನ್ನೆಲ್ಲ ಪ್ರೋಗ್ರಾಮಿನ ಒಳಗೇ, ಉದ್ಧರಣ ಚಿಹ್ನೆಯ ನಡುವೆ ಬರೆದುಬಿಟ್ಟಿದ್ದೆ. ಅನುವಾದಿಸಲು ಹೊರಟವರು ಇಡೀ ಪ್ರೋಗ್ರಾಮನ್ನು ಕೆದಕಬೇಕು. ನಾಳೆ ನಾನು ಹೊಸ ಆವೃತ್ತಿ ಬಿಟ್ಟರೆ ಅವರ ಶ್ರಮವೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಮಾತು ಬೇರೆ ಕಡತದಲ್ಲಿರಬೇಕು, ಪ್ರೋಗ್ರಾಮ್ ಬೇರೆ ಇರಬೇಕು.

ಲುವಾಂಟಿಯಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆಯಿದೆ. ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಅನುವಾದಕ ಫಂಕ್ಷನ್ ಒಂದನ್ನು ಕರೆದು ಅದಕ್ಕೆ ‘ಎಸ್’ ಎಂದು ಹೆಸರಿಡುವುದು ರೂಢಿ. ಆಮೇಲೆ ತೆರೆಗೆ ಹೋಗುವ ಪ್ರತಿ ಮಾತನ್ನೂ ಆ ಎಸ್‌ನ ಆವರಣದೊಳಗೆ ಹಾಕಬೇಕು. ಮಾಡ್‌ನ ಫೋಲ್ಡರಿನಲ್ಲಿ ‘ಲೊಕೇಲ್’ ಎಂಬ ಇನ್ನೊಂದು ಫೋಲ್ಡರ್ ಮಾಡಿ, ಅದರಲ್ಲಿ ಭಾಷೆಗೊಂದರಂತೆ ಟಿಆರ್ ಕಡತ ಇಡಬೇಕು. ಕಡತದ ಹೆಸರಿನಲ್ಲಿ ಮಾಡ್‌ನ ಹೆಸರು, ಚುಕ್ಕೆ, ಭಾಷೆಯ ಸಂಕೇತ, ಕನ್ನಡಕ್ಕೆ ‘ಕೆಎನ್’. ಒಳಗೆ ಸಾಲಿಗೊಂದು ಮಾತು: ಎಡಕ್ಕೆ ಇಂಗ್ಲಿಷ್ ಮೂಲ, ನಡುವೆ ಸಮ ಚಿಹ್ನೆ, ಬಲಕ್ಕೆ ಕನ್ನಡ. ಯಾವುದಾದರೂ ಸಾಲಿಗೆ ಅನುವಾದ ಇಲ್ಲದಿದ್ದರೆ ಇಂಗ್ಲಿಷ್ ಮೂಲವೇ ಕಾಣುತ್ತದೆ, ಆಟ ನಿಲ್ಲುವುದಿಲ್ಲ. ಹಾಗಾಗಿ ಅರ್ಧ ಅನುವಾದವನ್ನೂ ಧೈರ್ಯವಾಗಿ ಹಾಕಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆ. ಸರ್ವರ್ ಮಾತನ್ನು ಅನುವಾದಿಸಿ ಕಳಿಸುವುದಿಲ್ಲ, ಗುರುತು ಹಾಕಿ ಕಳಿಸುತ್ತದೆ. ಅನುವಾದ ನಡೆಯುವುದು ಆಟಗಾರನ ಕಂಪ್ಯೂಟರಿನಲ್ಲಿ. ಅಂದರೆ ಒಂದೇ ಜಗತ್ತಿನಲ್ಲಿ ನಾಲ್ವರು ಆಡುತ್ತಿದ್ದರೆ ನಾಲ್ವರಿಗೂ ಅವರವರ ಭಾಷೆ ಕಾಣಬಹುದು. ಇದರಿಂದ ಒಂದು ಎಚ್ಚರಿಕೆಯೂ ಬೇಕು. ಎಸ್‌ನಿಂದ ಬಂದ ಮಾತನ್ನು ಪ್ರೋಗ್ರಾಮಿನಲ್ಲಿ ಹೋಲಿಸಬಾರದು, ಅಕ್ಷರ ಎಣಿಸಬಾರದು. ‘ಕೈಯಲ್ಲಿರುವುದರ ಹೆಸರು ಐರನ್ ಸ್ವೋರ್ಡ್ ಆಗಿದ್ದರೆ’ ಎಂದು ನಾನು ಬರೆದಿದ್ದೆ. ಎಸ್ ಹಾಕಿದ ಮೇಲೆ ಅಂಗಡಿ ಕತ್ತಿಯನ್ನೇ ಗುರುತಿಸಲಿಲ್ಲ! ವಸ್ತುವಿಗೆ ಒಳಗಿನ ಹೆಸರೊಂದು ಇದ್ದೇ ಇರುತ್ತದೆ. ಹೋಲಿಕೆಗೆ ಅದನ್ನೇ ಬಳಸಬೇಕು, ಅದನ್ನು ಯಾವ ಭಾಷೆಗೂ ಅನುವಾದಿಸಬಾರದು.

ಈಗ ಕಷ್ಟದ ಭಾಗ. ಅದು ಕಂಪ್ಯೂಟರಿನದ್ದಲ್ಲ, ವ್ಯಾಕರಣದ್ದು. ಇಂಗ್ಲಿಷಿನಲ್ಲಿ ನಾನು ‘ನೀವು ಕೊಂಡಿರಿ’ ಎಂಬ ತುಂಡು, ನಂತರ ವಸ್ತುವಿನ ಹೆಸರು, ನಂತರ ಬೆಲೆ, ಹೀಗೆ ತುಂಡುಗಳನ್ನು ಅಂಟಿಸಿ ವಾಕ್ಯ ಮಾಡಿದ್ದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು. ಅನುವಾದಕರ ಕೈಗೆ ತುಂಡು ಕೊಟ್ಟರೆ ಅವರು ಅದನ್ನು ಎತ್ತಿ ಹಿಂದೆ ಇಡಲಾರರು. ಇಡೀ ವಾಕ್ಯವನ್ನೇ ಕೊಡಬೇಕು, ಬದಲಾಗುವ ಜಾಗದಲ್ಲಿ @1, @2 ಎಂದು ಬರೆಯಬೇಕು. ಆಗ ಅನುವಾದಕರು @2 ಅನ್ನು ಮೊದಲು ತಂದರೂ ಆಟ ಸರಿಯಾಗಿ ತುಂಬುತ್ತದೆ.

ಅಷ್ಟರಿಂದಲೂ ಮುಗಿಯಲಿಲ್ಲ. ‘@1 ಅನ್ನು ಕೊಂಡಿರಿ’ ಎಂದು ಬರೆದೆ. ತೆರೆಯ ಮೇಲೆ ‘ಕಬ್ಬಿಣದ ಕತ್ತಿ ಅನ್ನು ಕೊಂಡಿರಿ’ ಎಂದು ಬಂತು. ನಮ್ಮ ವಿಭಕ್ತಿ ಪ್ರತ್ಯಯ ಪದಕ್ಕೆ ತಕ್ಕಂತೆ ಬದಲಾಗುತ್ತದೆ: ಮರವನ್ನು, ಕಲ್ಲನ್ನು, ಕತ್ತಿಯನ್ನು, ಮರಕ್ಕೆ, ಕಲ್ಲಿಗೆ, ಕತ್ತಿಗೆ. ಆಟಕ್ಕೆ ಸಂಧಿ ಗೊತ್ತಿಲ್ಲ. ವಿಭಕ್ತಿ ಪರೀಕ್ಷೆಗೆ ಬಿಟ್ಟರೆ ಬೇರೆಲ್ಲೂ ಬೇಕಾಗುವುದಿಲ್ಲ ಎಂದುಕೊಂಡಿದ್ದ ನನಗೆ ಇದು ಸರಿಯಾದ ಪೆಟ್ಟು. ಕೊನೆಗೆ ಹೊಳೆದ ಉಪಾಯವೆಂದರೆ ಬದಲಾಗುವ ಪದ ಪ್ರತ್ಯಯವಿಲ್ಲದೆ ನಿಲ್ಲುವಂತೆ ವಾಕ್ಯವನ್ನೇ ತಿರುಗಿಸುವುದು: ‘ಕೊಂಡ ವಸ್ತು: @1. ಕೊಟ್ಟ ಹಣ: @2.’ ಸ್ವಲ್ಪ ರಶೀದಿಯ ಹಾಗೆ ಕೇಳುತ್ತದೆ, ಆದರೆ ತಪ್ಪಿಲ್ಲ. ಆಟಗಾರ ಬಂದಾಗ ಬಂದನು ಎನ್ನಬೇಕೋ ಬಂದಳು ಎನ್ನಬೇಕೋ ಎಂಬ ಗೊಂದಲವನ್ನು ಮಾತ್ರ ನಮ್ಮ ಮರ್ಯಾದೆಯೇ ಬಿಡಿಸಿತು. ‘@1 ಬಂದರು’ ಎಂದರೆ ಎಲ್ಲರಿಗೂ ಹೊಂದುತ್ತದೆ.

ಬೇರೆ ಆಟಗಳಲ್ಲೂ ತತ್ತ್ವ ಇದೇ, ರೂಪ ಬೇರೆ. ಎರಿಕ್ ಬರೋನ್ ಅವರ ಸ್ಟಾರ್‌ಡ್ಯೂ ವ್ಯಾಲಿ (2016) ಆಟದ ಮಾಡ್‌ಗಳಲ್ಲಿ, ಮೈನ್‌ಕ್ರಾಫ್ಟ್ ಮಾಡ್‌ಗಳಲ್ಲಿ ಪ್ರತಿ ಮಾತಿಗೂ ಒಂದು ಕೀಲಿ ಹೆಸರಿಟ್ಟು, ಜೇಸನ್ ಕಡತದಲ್ಲಿ ಕೀಲಿಯ ಎದುರು ಅನುವಾದ ಬರೆಯುತ್ತಾರೆ. ಲುವಾಂಟಿಯ ಟಿಆರ್ ಕಡತದಲ್ಲಿ ಇಂಗ್ಲಿಷ್ ವಾಕ್ಯವೇ ಕೀಲಿ. ಬರೆಯಲು ಸುಲಭ, ಆದರೆ ನಾನು ಇಂಗ್ಲಿಷಿನಲ್ಲಿ ಒಂದು ಕಾಗುಣಿತ ತಿದ್ದಿದರೆ ಆ ಸಾಲಿನ ಅನುವಾದ ಎಲ್ಲ ಭಾಷೆಯಲ್ಲೂ ಕಳಚಿಹೋಗುತ್ತದೆ. ಕೀಲಿ ಬೇರೆಯಿದ್ದರೆ ಅನುವಾದ ಉಳಿಯುತ್ತದೆ, ಆದರೆ ಮೂಲದ ಅರ್ಥ ಬದಲಾದದ್ದು ಯಾರಿಗೂ ತಿಳಿಯದೇ ಹೋಗಬಹುದು. ನನಗೆ ಎರಡನೆಯ ದಾರಿಯೇ ಮೇಲು ಅನಿಸುತ್ತದೆ. ಇನ್ನೊಬ್ಬರ ಕೆಲಸ ನನ್ನ ಒಂದು ಅಕ್ಷರದಿಂದ ಹಾಳಾಗಬಾರದು.

ಟೈಪ್ ಮಾಡುವಾಗ ಒಂದು ವಿಷಯ ನೆನಪಿರಲಿ: ಕಡತ ಯುನಿಕೋಡ್‌ನಲ್ಲಿ, ಯುಟಿಎಫ್-8 ಆಗಿ ಉಳಿಯಬೇಕು. ಡಿಟಿಪಿ ಅಂಗಡಿಯಲ್ಲಿ ಬಳಸುವ ಹಳೆಯ ನುಡಿ ಅಕ್ಷರಗಳು ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿದಂಥವು. ಅವನ್ನು ಆಟಕ್ಕೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆಯೇ ನೆರೆಯುತ್ತದೆ.

ಎಲ್ಲ ಮುಗಿಸಿ ಆಟ ತೆರೆದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇಲ್ಲ. ಹುಡುಕಿದಾಗ ತಿಳಿದದ್ದು ಇದು: ಮಿನೆಟೆಸ್ಟ್ ಕಾಲದಲ್ಲೇ ಆಟದ ಮೆನುಗಳಿಗೆ ಯಾರೋ ಪುಣ್ಯಾತ್ಮರು ಕನ್ನಡ ಅನುವಾದ ಆರಂಭಿಸಿದ್ದರು. ಆದರೆ ಆಟವನ್ನು ಕಟ್ಟುವಾಗ ಕೈಬಿಡಬೇಕಾದ ಭಾಷೆಗಳ ಸಾಲಿನಲ್ಲಿ ಅರಬ್ಬಿ, ಹೀಬ್ರೂ, ಹಿಂದಿ, ಥಾಯ್ ಜೊತೆಗೆ ಕನ್ನಡವೂ ಇತ್ತು. ಇದು ತಾತ್ಸಾರವಲ್ಲ. ಈ ಲಿಪಿಗಳಲ್ಲಿ ಅಕ್ಷರಗಳು ಒಂದಕ್ಕೊಂದು ಸೇರಿ ರೂಪ ಬದಲಿಸುತ್ತವೆ. ತ, ಹಲಂತ, ತ, ಇಕಾರ ಸೇರಿ ‘ತ್ತಿ’ ಆಗಬೇಕು. ಅರಬ್ಬಿ, ಉರ್ದುಗಳಲ್ಲಿ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಇನ್ನೊಂದು ರೂಪ ತಾಳುತ್ತದೆ, ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ. ಈ ಜೋಡಣೆ ಮಾಡಲು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಅದನ್ನು ಬಳಸುವುದರಿಂದಲೇ ನಿಮ್ಮ ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ. ಆಟ ಕಟ್ಟುವ ಗೊಡೋ 4ರಲ್ಲೂ ಅದಿದೆ. ನನ್ನ ಲುವಾಂಟಿಯಲ್ಲಿ ಆ ಜೋಡಣೆ ಆಗಲಿಲ್ಲ.

ಆದರೂ ನೋಡೋಣವೆಂದು ಕಳ್ಳದಾರಿ ಹಿಡಿದೆ. ಕನ್ನಡ ಕಡತಕ್ಕೆ ಇಟಾಲಿಯನ್ ಸಂಕೇತ ಕೊಟ್ಟು, ಫಾಂಟ್ ಜಾಗದಲ್ಲಿ ನೋಟೋ ಸಾನ್ಸ್ ಕನ್ನಡ ಹಾಕಿ, ಆಟವನ್ನು ಇಟಾಲಿಯನ್‌ಗೆ ತಿರುಗಿಸಿದೆ. ಮೆನುಗಳೆಲ್ಲ ಇಟಾಲಿಯನ್ ಆದವು, ನನ್ನ ಸಂತೆ ಮಾತ್ರ ಕನ್ನಡವಾಯಿತು. ‘ಹಣ’, ‘ದರ’, ‘ಮರ’ ಸರಿಯಾಗಿ ಬಂದವು, ಏಕೆಂದರೆ ಅವುಗಳಲ್ಲಿ ಕಾಗುಣಿತವೂ ಇಲ್ಲ, ಒತ್ತಕ್ಷರವೂ ಇಲ್ಲ. ಉಳಿದವು ಚೆಲ್ಲಾಪಿಲ್ಲಿ. ತಂಗಿ ಒಂದೊಂದೇ ಅಕ್ಷರ ಕೂಡಿಸಿ ಓದಿ, “ಭಯ್ಯಾ, ಕತ್ತಿ ಮುರಿದುಹೋಗಿದೆ” ಎಂದಳು. ಆದರೂ ಆ ಸಂಜೆ ಅವಳು ನನ್ನನ್ನು ಕೇಳದೆಯೇ ಆರು ಬದನೆಕಾಯಿ ಮಾರಿದಳು.

ಕನ್ನಡ ಕಡತವನ್ನು ಮತ್ತೆ ಅದರ ಸ್ವಂತ ಹೆಸರಿನಲ್ಲೇ ಇಟ್ಟಿದ್ದೇನೆ. ಆಟ ಜೋಡಣೆ ಕಲಿತ ದಿನ ಅದರಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ. ಉರ್ದು ಕಡತ ಇನ್ನೂ ಖಾಲಿ ಇದೆ, ಒಟ್ಟು 64 ಸಾಲು. ಉರ್ದು ಟೈಪಿಂಗ್ ಬರುವವರು ಶನಿವಾರ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬಿಗೆ ಬನ್ನಿ.